ನಿಮಗಿದು ಗೊತ್ತೇ? ಕೂದಲೆಳೆಯ ಸಂದಿನಲ್ಲಿ ಉರುಳುತ್ತದೆ ಜೀಪು!

ಜೀಪಿನ ಮುಂದಿನ ಚಕ್ರದ ಬೇರಿಂಗ್ ಬಿಗಿ ಮಾಡುವ ಕೆಲಸ ಮುಗಿಯುವುದು ಅದನ್ನು ಸಡಿಲ ಮಾಡಿದಾಗ! ನಂಬಿಕೆ ಬರಲಿಲ್ಲವೇ? ಹಳೆಯ ಫೋರ್ ವೀಲ್ ಡ್ರೈವ್ ಜೀಪಿನ ಮುಂದೆ ಕುಕ್ಕರಗಾಲಲ್ಲಿ ಕೂತ ಮೆಕ್ಯಾನಿಕ್‌ನನ್ನು ಒಮ್ಮೆ ನೋಡಿ. ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ನಟ್ಟು ಬಿಗಿಯುತ್ತಾನೆ. ಚಕ್ರ ಬಿಗಿದುಕೊಳ್ಳುವ ತನಕ ಬಿಡುವುದಿಲ್ಲ. ಆಮೇಲೆ ಅದೇ ನಟ್ಟನ್ನು ಹಿಂದಕ್ಕೆ ತಿರುಗಿಸುತ್ತಾನೆ. ಎಷ್ಟು? ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿಗೆ ಒಂದು ಸುತ್ತಿನ ಆರನೇ ಒಂದು ಪಾಲು. ನಂತರ ಬಂದ ಎಷ್ಟೋ ಜೀಪುಗಳಿಗೆ ಕಾಲು ಸುತ್ತು. ಅಷ್ಟೇ!

ಹಾಗೆ ಹಿಂದಕ್ಕೆ ಬಿಟ್ಟ ಮೇಲೆ ಉಳಿಯುವ ಆಟ ಎಷ್ಟು ಗೊತ್ತೇ? ಇಂಥ ಅನೇಕ ಆಕ್ಸಲ್‌ಗಳಿಗೆ 0.025ರಿಂದ 0.25 ಮಿಲಿಮೀಟರ್. ನಿಮ್ಮ ತಲೆಗೂದಲಿನ ದಪ್ಪವೇ ಸುಮಾರು 0.07 ಮಿಲಿಮೀಟರ್! ಟನ್ನಿಗೂ ಹೆಚ್ಚು ತೂಗುವ ಗಾಡಿ ಕಲ್ಲು ಹತ್ತಿ, ಹಳ್ಳ ಇಳಿದು, ಕೆಸರು ತುಳಿದು ಬರುವುದು ಇಷ್ಟು ಸಂದನ್ನು ನಂಬಿಕೊಂಡು. ಸ್ವಲ್ಪವೂ ಸಂದು ಬಿಡದೆ ಜಗ್ಗಿ ಬಿಗಿದರೆ? ಬೇರಿಂಗ್ ಬಿಸಿಯಾಗಿ ಹಿಗ್ಗುತ್ತದೆ. ಹಿಗ್ಗಿದ್ದು ಇನ್ನಷ್ಟು ಬಿಗಿಯಾಗುತ್ತದೆ. ಬಿಗಿಯಾದದ್ದು ಇನ್ನಷ್ಟು ಕಾಯುತ್ತದೆ. ಕೊನೆಗೆ ಉಕ್ಕೇ ನೀಲಿಗಟ್ಟುತ್ತದೆ!

ಟೊಯೋಟಾದ ಹಳೆಯ ಲ್ಯಾಂಡ್ ಕ್ರೂಸರ್‌ಗೆ ಇನ್ನೊಂದು ಸೊಗಸಿನ ವಿಧಾನ. ಚಕ್ರದ ಬೋಲ್ಟಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯುವುದು! ಚಕ್ರದ ನಡುಭಾಗವಾದ ಹಬ್ ಅಲುಗಲು ಎಷ್ಟು ಕಿಲೋ ಎಳೆತ ಬೇಕು ಎಂದು ಓದಿ, ಅದರಂತೆ ನಟ್ಟು ಕೂರಿಸುತ್ತಾರೆ. ಬೇರಿಂಗಿನ ಬಿಗಿಯನ್ನು ತಕ್ಕಡಿಯಲ್ಲಿ ತೂಗುತ್ತಾರೆ ಅನ್ನಿ!

ಎತ್ತಿನ ಗಾಡಿಯ ಚಕ್ರ ಕಳಚಿ ಬೀಳದಂತೆ ಹಿಡಿಯುವುದು ಪುಟ್ಟ ಕಡಾಣಿ. ಯುದ್ಧದ ನಡುವೆ ರಥದ ಕಡಾಣಿ ಕಳಚಿದಾಗ ಕೈಕೇಯಿ ತನ್ನ ಬೆರಳನ್ನೇ ಇಟ್ಟು ದಶರಥನನ್ನು ಉಳಿಸಿದ ಕಥೆ ಕೇಳಿದ್ದೀರಲ್ಲ? ಹಿಂದಿನ ಚಕ್ರ ಮಾತ್ರ ಎಳೆಯುವ ಹಳೇ ಕಾರುಗಳ ಮುಂದಿನ ಚಕ್ರದಲ್ಲಿ ಇಂದಿಗೂ ಒಂದು ನಟ್ಟು, ಅದನ್ನು ಕಾಯುವ ಒಂದು ಕಡಾಣಿ. ಫೋರ್ ವೀಲ್ ಡ್ರೈವ್ ಜೀಪಿನಲ್ಲಿ ಆ ಕಡಾಣಿಗೆ ಜಾಗವೇ ಇಲ್ಲ! ಏಕೆಂದರೆ ಅಲ್ಲಿ ಚಕ್ರ ಕೂತ ಅಚ್ಚು ಟೊಳ್ಳು. ಅದರ ಹೊಟ್ಟೆಯೊಳಗಿಂದ ಎಂಜಿನ್ನಿನ ಶಕ್ತಿ ತರುವ ಇನ್ನೊಂದು ಸರಳು ಹಾದುಹೋಗುತ್ತದೆ. ಅದಕ್ಕೇ ಅಲ್ಲಿ ಎರಡು ನಟ್ಟು. ಒಳಗಿನದು ಅಳತೆಗೆ, ಹೊರಗಿನದು ಬೀಗಕ್ಕೆ. ನಡುವೆ ತೆಳು ತಗಡಿನ ವಾಷರ್, ಅದರ ಅಂಚನ್ನು ನಟ್ಟಿನ ಮೇಲೆ ಮಡಚಿ ಕೂರಿಸುತ್ತಾರೆ. ತಮಾಷೆ ನೋಡಿ, ಹೊರಗಿನ ನಟ್ಟು ಬಿಗಿದಾಗ ಒಳಗಿನ ಲೆಕ್ಕ ತುಸು ಬದಲಾಗಿಬಿಡುತ್ತದೆ. ಹಾಗಾಗಿ ಒಳ್ಳೆಯ ಮೆಕ್ಯಾನಿಕ್ ಇನ್ನೊಮ್ಮೆ ಚಕ್ರ ಅಲುಗಿಸಿ ನೋಡದೆ ಏಳುವುದೇ ಇಲ್ಲ!

ಅಚ್ಚು ಟೊಳ್ಳಾದ್ದರಿಂದ ನಟ್ಟು ದೊಡ್ಡದು. ಎಷ್ಟು ದೊಡ್ಡದು? ಹಳೇ ಲ್ಯಾಂಡ್ ರೋವರ್‌ಗೆ 52 ಮಿಲಿಮೀಟರಿನ ಪಾನಾ ಬೇಕು, ಲ್ಯಾಂಡ್ ಕ್ರೂಸರ್‌ಗೆ 54. ಮನೆಯ ಪಾನಾ ಪೆಟ್ಟಿಗೆಯಲ್ಲಿ ಸಿಗುವ ಮಾಲಲ್ಲ! ಬೆಂಗಳೂರಿಗರಾದರೆ ಜೆ.ಸಿ. ರಸ್ತೆಗೆ ಹೋಗುತ್ತಾರೆ. ಪುಣೆಯವರು ನಾನಾ ಪೇಠೆಗೆ.

ಪುಣೆಗೆ ಇಂಥ ಗಾಡಿಗಳ ಜೊತೆಗೂ ಬೇರಿಂಗಿನ ಜೊತೆಗೂ ಹಳೇ ನಂಟು. ಟಾಟಾದ ಸಿಯೆರಾ 1991ರಲ್ಲಿ, ಸಫಾರಿ 1998ರಲ್ಲಿ ಹೊರಬಂದದ್ದು ಇಲ್ಲಿಂದಲೇ. ಗೂರ್ಖಾ ಜೀಪಿನ ಫೋರ್ಸ್ ಮೋಟರ್ಸ್ ಕಂಪನಿಯ ಮನೆ ಇಲ್ಲಿನ ಅಕುರ್ಡಿ. ಪಕ್ಕದ ಚಿಂಚವಾಡದಲ್ಲಿ 1960ರ ದಶಕದಿಂದಲೂ ಎಸ್‌ಕೆಎಫ್ ಬೇರಿಂಗ್ ಕಾರ್ಖಾನೆ. ಈ ಎಸ್‌ಕೆಎಫ್ ಹುಟ್ಟಿದ್ದಕ್ಕೆ ಕಾರಣ ಏನು ಗೊತ್ತೇ? ಜೇಡಿಮಣ್ಣು! ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಒಂದು ಬಟ್ಟೆ ಗಿರಣಿ. ಕೆಳಗೆ ಜೇಡಿ ನೆಲ. ನೆಲ ಸರಿದಂತೆಲ್ಲ ಗಿರಣಿಯ ಉದ್ದುದ್ದ ಸರಳುಗಳು ಓರೆಯಾಗಿ ಬೇರಿಂಗ್‌ಗಳು ಹಾಳಾಗುತ್ತಿದ್ದವು. ಅಲ್ಲಿನ ಎಂಜಿನಿಯರ್ ಸ್ವೆನ್ ವಿಂಗ್‌ಕ್ವಿಸ್ಟ್ ಸರಳು ಓರೆಯಾದರೂ ತಾನೇ ಹೊಂದಿಕೊಳ್ಳುವ ಬೇರಿಂಗ್ ಮಾಡಿದ. 1907ರಲ್ಲಿ ಕಂಪನಿ ಶುರು!

ಇನ್ನೂ ಮಜಾ ಇದೆ. ವೋಲ್ವೊ ಎಂಬ ಹೆಸರನ್ನು 1915ರಲ್ಲಿ ನೋಂದಾಯಿಸಿದ್ದು ಇದೇ ಎಸ್‌ಕೆಎಫ್. ಕಾರಿಗಲ್ಲ, ಬೇರಿಂಗಿಗೆ! ಕಾರು ಬಂದದ್ದು 1927ರಲ್ಲಿ. ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ 1998ರಿಂದ ತಯಾರಾಗುವ ಲಾರಿಗಳ ಮೂತಿಯ ಮೇಲಿರುವುದು ಅದೇ ಹೆಸರು!

ಮತ್ತೆ ಜೀಪಿಗೆ ಬರೋಣ. ಅದರ ಚಕ್ರದ ಬೇರಿಂಗಿನೊಳಗೆ ಗುಂಡು ಇಲ್ಲ, ಉರುಳೆಗಳಿವೆ. ಒಂದು ತುದಿ ದಪ್ಪ, ಇನ್ನೊಂದು ಸಣ್ಣ. ಇದಕ್ಕೆ 1898ರಲ್ಲಿ ಪೇಟೆಂಟ್ ಪಡೆದವನು ಹೆನ್ರಿ ಟಿಮ್ಕೆನ್. ಅವನ ಕಸುಬು? ಕುದುರೆ ಗಾಡಿ ಕಟ್ಟುವುದು! ಅವನ ಹೆಸರಿನ ಕಂಪನಿಯ ಭಾರತದ ಕಚೇರಿ ಇರುವುದು ನಮ್ಮ ಬೆಂಗಳೂರಿನಲ್ಲೇ. ಇಂಥ ಬೇರಿಂಗ್ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಒಂದು ಒಳಮುಖ, ಇನ್ನೊಂದು ಹೊರಮುಖ, ಹೀಗೆ ಜೋಡಿಯಾಗಿಯೇ ಕೂರಬೇಕು.

ಯುದ್ಧಕಾಲದ ವಿಲ್ಲಿಸ್ ಜೀಪಿನ ನಾಲ್ಕು ಚಕ್ರಗಳಲ್ಲಿ ಎಂಟು ಬೇರಿಂಗ್. ಎಂಟೂ ಒಂದೇ ಅಳತೆ, ಒಂದೇ ನಂಬರ್! ಯಾವುದು ಕೆಟ್ಟರೂ ಅದೇ ಬೇರಿಂಗ್ ಹಾಕಿ ಹೊರಡಬಹುದು. ಎಂಥ ಜಾಣತನ! ಆ ಜೀಪಿನ ಎಡಬದಿಯಲ್ಲಿ ಚಕ್ರವನ್ನು ಹಬ್‌ಗೆ ಬಿಗಿಯುವ ನಟ್ಟುಗಳು ಮಾತ್ರ ಉಲ್ಟಾ. ಬಿಚ್ಚಬೇಕೆಂದರೆ ಬಲಕ್ಕೆ ತಿರುಗಿಸಬೇಕು!

ಪುಣೆಯಿಂದ ಬೆಂಗಳೂರಿಗೆ ಸುಮಾರು 840 ಕಿಲೋಮೀಟರ್. ಇಷ್ಟು ದೂರಕ್ಕೆ ಆ ಜೀಪಿನ ಚಕ್ರ ಮೂರೂವರೆ ಲಕ್ಷಕ್ಕೂ ಹೆಚ್ಚು ಸುತ್ತು ಹಾಕುತ್ತದೆ. ಒಳಗಿನ ಗ್ರೀಸ್ ಏನು ಗೊತ್ತೇ? ಸೋಪು! ಹೌದು, ಹೆಚ್ಚಿನ ಗ್ರೀಸ್‌ಗಳು ಲಿಥಿಯಂ ಸೋಪಿನಲ್ಲಿ ಹಿಡಿದಿಟ್ಟ ಎಣ್ಣೆ. ಹೆಚ್ಚು ಹಾಕಿದರೆ ಹೆಚ್ಚು ಒಳ್ಳೆಯದೆಂದು ಹಬ್ ತುಂಬಾ ತುರುಕಬೇಡಿ. ಅದೇ ಬಿಸಿಗೆ ದಾರಿ!

ಮಳೆಗಾಲದಲ್ಲಿ ಮುಳಶಿ, ತಾಮ್ಹಿಣಿ ಘಾಟಿಯ ಕಡೆಗೋ, ನಮ್ಮ ಕೊಡಚಾದ್ರಿ, ಮಾಂದಲ್‌ಪಟ್ಟಿಗೋ ಜೀಪು ಹತ್ತಿಸುವವರೇ, ಇದನ್ನು ಕೇಳಿ. ಓಡಿ ಓಡಿ ಕಾದ ಹಬ್ ತಣ್ಣನೆಯ ಹಳ್ಳಕ್ಕೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಸೀಲ್ ಹಳೆಯದಾದರೆ ಚಕ್ರ ತಾನಾಗಿಯೇ ನೀರು ಹೀರಿಕೊಳ್ಳುತ್ತದೆ! ಹಳ್ಳ ದಾಟುವ ಮೊದಲು ಹಬ್ ಆರಲು ಬಿಡಿ. ಆಮೇಲೂ ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಹೊಕ್ಕಿದೆ ಎಂದೇ ತಿಳಿಯಿರಿ.

ಚಕ್ರ ಅಲುಗುತ್ತಿದೆ, ತಪ್ಪು ಬೇರಿಂಗಿನದೋ, ಚಕ್ರ ಎಡಬಲಕ್ಕೆ ಹೊರಳಲು ಆಧಾರವಾದ ಕಿಂಗ್ ಪಿನ್ನಿನದೋ? ಜಾಕಿ ಹಾಕಿ ಚಕ್ರದ ನೆತ್ತಿ, ಬುಡ ಹಿಡಿದು ಅಲ್ಲಾಡಿಸಿ. ಈಗ ಒಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಅಲುಗಾಟ ಮಾಯವಾಯಿತೇ? ಬೇರಿಂಗ್! ಹಾಗೇ ಉಳಿಯಿತೇ? ಬೇರೆಡೆ ಹುಡುಕಿ. ಒಂದು ಪೈಸೆ ಖರ್ಚಿಲ್ಲದ ಪತ್ತೇದಾರಿ!

ಗುಂಯ್ ಎನ್ನುವ ಸದ್ದು ಎಡಕ್ಕೆ ತಿರುಗಿದಾಗ ಜೋರಾದರೆ ಅನುಮಾನ ಬಲಚಕ್ರದ ಮೇಲೆ! ತಿರುವಿನಲ್ಲಿ ಗಾಡಿಯ ಭಾರ ಬೀಳುವುದು ಹೊರಬದಿಗೆ ಅಲ್ಲವೇ?

ಕೊನೆಯದಾಗಿ ಒಂದು ವಿಚಿತ್ರ. 1930ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್‌ನಿಂದ ಹೊಚ್ಚಹೊಸ ಕಾರುಗಳು ರೈಲಿನಲ್ಲಿ ಹೊರಟವು. ಊರು ತಲುಪಿದಾಗ ಚಕ್ರದ ಬೇರಿಂಗ್‌ಗಳು ಸವೆದಿದ್ದವು! ಒಂದು ಮೈಲಿಯೂ ಓಡಿರಲಿಲ್ಲ. ನಿಂತ ಜಾಗದಲ್ಲೇ ರೈಲಿನ ಸಣ್ಣ ನಡುಕಕ್ಕೆ ಗ್ರೀಸ್ ಸರಿದು, ಉಕ್ಕಿಗೆ ಉಕ್ಕು ಉಜ್ಜಿ ಗುಳಿ ಬಿದ್ದಿತ್ತು. ಚಕ್ರ ತಿರುಗಿದ್ದರೆ ಆ ಬೇರಿಂಗ್‌ಗಳು ಚೆನ್ನಾಗಿಯೇ ಇರುತ್ತಿದ್ದವು!