ಕಾಲು ಮೈಲಿಗಾಗಿ ಹುಟ್ಟಿದ ಕಾರು

ಕಾರ್ ರೇಸ್ ಎಂದೊಡನೆ ಅಂಕುಡೊಂಕು ಹಾದಿಯಲ್ಲಿ ಗಂಟೆಗಟ್ಟಲೆ ಸುತ್ತು ಹೊಡೆಯುವ ಕಾರುಗಳು ನಮ್ಮ ಕಣ್ಣ ಮುಂದೆ ಬರುತ್ತವೆ. ಆದರೆ ತಿರುವೇ ಇಲ್ಲದ, ಕೆಲವೇ ಸೆಕೆಂಡುಗಳಲ್ಲಿ ಮುಗಿದುಹೋಗುವ ರೇಸ್ ಕೂಡ ಇದೆ. ಅದೇ ಡ್ರ್ಯಾಗ್ ರೇಸ್. ಎರಡು ಕಾರುಗಳು ನಿಂತಲ್ಲಿಂದ ಹೊರಟು ನೆಟ್ಟಗೆ ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್ ಓಡಬೇಕು. ಮೊದಲು ಗೆರೆ ದಾಟಿದವರು ಗೆದ್ದಂತೆ.

ಈ ಆಟದ ತವರು ಅಮೆರಿಕ. ಎರಡನೇ ಮಹಾಯುದ್ಧದ ನಂತರ ಅಲ್ಲಿನ ತರುಣರು ಹಳೆಯ ಕಾರುಗಳ ಎಂಜಿನ್ ಮಾರ್ಪಡಿಸಿ, ಸಾರ್ವಜನಿಕ ರಸ್ತೆಗಳಲ್ಲೇ ಪಂದ್ಯ ಕಟ್ಟುತ್ತಿದ್ದರು. ಅಪಘಾತಗಳ ಭಯ ಹೆತ್ತವರಿಗೂ ಪೊಲೀಸರಿಗೂ ತಪ್ಪಿದ್ದಲ್ಲ. 1951ರಲ್ಲಿ ವಾಲಿ ಪಾರ್ಕ್ಸ್ ಎಂಬುವರು ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪಿಸಿ, ಈ ಹುಡುಗರನ್ನು ರಸ್ತೆಯಿಂದ ನಿಯಮಬದ್ಧ ಓಟದ ಪಟ್ಟಿಗೆ ಕರೆತಂದರು.

ಬ್ರಿಟನ್ನಿನಲ್ಲಿ ಈ ಬೀಜ ಬಿತ್ತಿದವರು ಸಿಡ್ನಿ ಅಲಾರ್ಡ್. 1910ರಲ್ಲಿ ಹುಟ್ಟಿದ ಅವರು ಲಂಡನ್ನಿನ ಕ್ಲಾಪಮ್‌ನಲ್ಲಿ ತಮ್ಮದೇ ಹೆಸರಿನ ಕಾರು ತಯಾರಿಸುತ್ತಿದ್ದರು. 1950ರ ಲ ಮಾನ್ಸ್ 24 ಗಂಟೆಗಳ ಓಟದಲ್ಲಿ ಟಾಮ್ ಕೋಲ್ ಜೊತೆ ಮೂರನೇ ಸ್ಥಾನ ಪಡೆದರು. 1952ರಲ್ಲಿ ತಾವೇ ತಯಾರಿಸಿದ ಕಾರಿನಲ್ಲಿ ಮಾಂಟೆ ಕಾರ್ಲೊ ರ್‍ಯಾಲಿ ಗೆದ್ದರು. ಮುಂದೆ ಕಾರಿನ ವ್ಯಾಪಾರ ಇಳಿಮುಖವಾಯಿತು. ಆದರೆ ಹೊಸದನ್ನು ಮಾಡಿ ನೋಡುವ ಉತ್ಸಾಹ ಇಳಿಯಲಿಲ್ಲ. ಐವತ್ತು ದಾಟಿದ್ದ ಅಲಾರ್ಡ್ 1961ರಲ್ಲಿ ಒಂದು ವಿಚಿತ್ರ ವಾಹನ ಕಟ್ಟಿದರು. ಯೂರೋಪಿನ ಮೊದಲ ಡ್ರ್ಯಾಗ್‌ಸ್ಟರ್ ಎಂದು ಹೆಸರಾದದ್ದು ಅದೇ.

ಕವಣೆಯ ಕಲ್ಲಿನಂತೆ

ಮೈಮೇಲೆ ತಗಡಿನ ಹೊದಿಕೆ ಅಷ್ಟಕ್ಕಷ್ಟೆ. ಉದ್ದನೆಯ ಕೊಳವೆಗಳ ಚೌಕಟ್ಟು, ಮುಂದೆ ತೆಳು ಚಕ್ರಗಳು, ಹಿಂದೆ ಅಗಲವಾದ ಟೈರುಗಳು. ಚಾಲಕ ಕೂರುವುದು ಹಿಂದಿನ ಅಚ್ಚಿಗಿಂತಲೂ ಹಿಂದೆ, ಕವಣೆಯಲ್ಲಿಟ್ಟ ಕಲ್ಲಿನಂತೆ! ಇದಕ್ಕೆ ಕಾರಣವಿದೆ. ಎಷ್ಟೇ ಶಕ್ತಿಯ ಎಂಜಿನ್ ಇದ್ದರೂ ಟೈರು ನೆಲವನ್ನು ಕಚ್ಚಿ ಹಿಡಿಯದಿದ್ದರೆ ಚಕ್ರ ನಿಂತಲ್ಲೇ ತಿರುಗುತ್ತದೆ. ಹಿಂದಿನ ಚಕ್ರಗಳ ಮೇಲೆ ಭಾರ ಹೆಚ್ಚಿದಷ್ಟೂ ಹಿಡಿತ ಹೆಚ್ಚು.

ಎಂಜಿನ್ ಅಮೆರಿಕದ ಕ್ರೈಸ್ಲರ್ ಕಂಪನಿಯದು, 5.8 ಲೀಟರಿನ ವಿ-8. ಅದಕ್ಕೆ ಜನರಲ್ ಮೋಟಾರ್ಸ್ ಡೀಸೆಲ್ ಎಂಜಿನ್‌ಗಳಲ್ಲಿ ಬಳಸುತ್ತಿದ್ದ ಗಾಳಿಯೂದುವ ಯಂತ್ರ, ಅಂದರೆ ಸೂಪರ್‌ಚಾರ್ಜರ್ ಜೋಡಿಸಲಾಗಿತ್ತು. ಒಲೆಗೆ ಊದುಗೊಳವೆಯಿಂದ ಊದಿದರೆ ಬೆಂಕಿ ಭಗ್ಗನೆ ಏಳುವುದಿಲ್ಲವೆ? ಇಲ್ಲೂ ಹಾಗೆಯೇ. ಸಿಲಿಂಡರಿಗೆ ಹೆಚ್ಚು ಗಾಳಿ ತುಂಬಿದರೆ ಹೆಚ್ಚು ಇಂಧನ ಉರಿಸಬಹುದು, ಶಕ್ತಿಯೂ ಹೆಚ್ಚುತ್ತದೆ.

ಆರಂಭದಲ್ಲಿ ಈ ಕಾರು ಪದೇ ಪದೇ ಕೈಕೊಟ್ಟಿತು. ಅಲಾರ್ಡ್ ಬಿಚ್ಚಿದರು, ತಿದ್ದಿದರು, ಮತ್ತೆ ಓಡಿಸಿದರು. 1963ರಲ್ಲಿ ಅಮೆರಿಕದ ಮಿಕ್ಕಿ ಥಾಂಪ್ಸನ್ ಮತ್ತು ಡಾಂಟೆ ಡ್ಯೂಸ್ ತಮ್ಮ ಡ್ರ್ಯಾಗ್‌ಸ್ಟರ್‌ಗಳೊಡನೆ ಬ್ರೈಟನ್ ಕಡಲತೀರಕ್ಕೆ ಬಂದಾಗ, ಅನುಭವಿಗಳ ವಾಹನಗಳನ್ನು ಬ್ರಿಟಿಷರು ಹತ್ತಿರದಿಂದ ಕಂಡರು. ಮರುವರ್ಷ ಅಲಾರ್ಡ್ ಮುಂದಾಳತ್ವದಲ್ಲಿ ಬ್ರಿಟಿಷ್ ಡ್ರ್ಯಾಗ್ ರೇಸಿಂಗ್ ಅಸೋಸಿಯೇಷನ್ ಹುಟ್ಟಿತು. ಡಾನ್ ಗಾರ್ಲಿಟ್ಸ್, ಟಾಮಿ ಐವೊ ಮುಂತಾದ ಅಮೆರಿಕನ್ ತಾರೆಯರನ್ನು ಕರೆಸಿ, ಆರು ಕಡೆ ಡ್ರ್ಯಾಗ್ ಉತ್ಸವವೂ ನಡೆಯಿತು.

ಆ ಏಪ್ರಿಲ್ ತಿಂಗಳು

ಆದರೆ ಆಟಕ್ಕೆ ಸ್ವಂತ ಮನೆ ಇರಲಿಲ್ಲ. ಯುದ್ಧಕಾಲದ ವಿಮಾನ ನಿಲ್ದಾಣಗಳ ರನ್‌ವೇಗಳೇ ಗತಿ. ಕೊನೆಗೆ ಬೆಡ್‌ಫರ್ಡ್‌ಷೈರಿನ ಪಾಡಿಂಗ್ಟನ್‌ನಲ್ಲಿದ್ದ ಅಂಥದೇ ನಿಲ್ದಾಣ 'ಸಾಂಟಾ ಪಾಡ್' ಹೆಸರಿನಲ್ಲಿ ಡ್ರ್ಯಾಗ್ ರೇಸಿನ ಕಾಯಂ ನೆಲೆಯಾಯಿತು. ಬಾಗಿಲು ತೆರೆದದ್ದು 1966ರ ಈಸ್ಟರ್ ಹಬ್ಬದ ವೇಳೆಗೆ. ಅದೇ ವಾರ, ಏಪ್ರಿಲ್ 12ರಂದು, ಸಿಡ್ನಿ ಅಲಾರ್ಡ್ ಕಣ್ಣು ಮುಚ್ಚಿದರು. ತಾವು ಬಿತ್ತಿದ್ದು ಮರವಾಗುವುದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ.

ಅವರ ಡ್ರ್ಯಾಗ್‌ಸ್ಟರ್ ಬ್ಯೂಲಿಯ ರಾಷ್ಟ್ರೀಯ ಮೋಟಾರು ವಸ್ತುಸಂಗ್ರಹಾಲಯ ಸೇರಿ ಬಹುಕಾಲ ಮೌನವಾಗಿತ್ತು. ಮುಂದೆ ಅಭಿಮಾನಿಗಳ ತಂಡವೊಂದು ಶ್ರಮಪಟ್ಟು ಅದರ ಎಂಜಿನ್ ಮತ್ತೆ ಗುಡುಗುವಂತೆ ಮಾಡಿತು.

ಇಂದು ಡ್ರ್ಯಾಗ್‌ಸ್ಟರ್‌ಗಳು ಗಂಟೆಗೆ 500 ಕಿಲೋಮೀಟರ್ ವೇಗವನ್ನೂ ಮೀರಿವೆ. ಆ ಲೆಕ್ಕದಲ್ಲಿ ಅಲಾರ್ಡ್ ಕಾರು ಬಹಳ ಹಿಂದೆ. ಆದರೆ ಅದರ ಬೆಲೆ ತಿಳಿಯಬೇಕಾದರೆ ಸಾಂಟಾ ಪಾಡ್‌ಗೆ ಹೋಗಬೇಕು. ಗೊತ್ತುಮಾಡಿದ ದಿನಗಳಲ್ಲಿ ಲೈಸೆನ್ಸ್ ಇರುವ ಯಾರು ಬೇಕಾದರೂ ತಮ್ಮ ಮಾಮೂಲಿ ಕಾರನ್ನೇ ತಂದು ಅಲ್ಲಿ ಕಾಲು ಮೈಲಿ ಓಡಿಸಬಹುದು. ವೇಗದ ಹಂಬಲ ತೀರಿಸಿಕೊಳ್ಳಲು ಹುಡುಗರು ಬೀದಿಗಿಳಿಯಬೇಕಾಗಿಲ್ಲ.