ಹ್ಯಾಂಡೋವರ್ ಹೊತ್ತಿನ ಕಣ್ಣೀರು

ಬೆಳಗಿನ ಏಳೂವರೆ. ಬನಶಂಕರಿ ಕಡೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಅಮ್ಮನ ಮಂಚದ ಪಕ್ಕ ಕೂತಿದ್ದೆ. ನೈಟ್ ಡ್ಯೂಟಿ ಮುಗಿಸಿದ ಹುಡುಗಿ ಹ್ಯಾಂಡೋವರ್ ಕೊಡುತ್ತಿದ್ದಳು. ಯಾರದೋ ಚಾರ್ಟಿನಲ್ಲಿ ಮೂತ್ರದ ಅಳತೆ ಬರೆಯುವುದು ಬಿಟ್ಟುಹೋಗಿತ್ತು. ‘ಯಾರಮ್ಮಾ ನಿನಗೆ ಸರ್ಟಿಫಿಕೇಟ್ ಕೊಟ್ಟಿದ್ದು?’ ಇನ್‌ಚಾರ್ಜ್ ಸಿಸ್ಟರ್ ಇಡೀ ವಾರ್ಡಿಗೆ ಕೇಳುವಂತೆ ಗದರಿದರು. ಹುಡುಗಿ ತಲೆ ತಗ್ಗಿಸಿದಳು. ಅಮ್ಮ ಡಿಸ್ಚಾರ್ಜ್ ಆಗುವಷ್ಟರಲ್ಲಿ ಅವಳು ಕೆಲಸ ಬಿಡುವುದಾಗಿ ಬರೆದುಕೊಟ್ಟಿದ್ದಳು.

ನರ್ಸಿಂಗ್ ಓದುತ್ತಿರುವಷ್ಟು ದಿನ ಇಂಥ ಹುಡುಗಿಯರಿಗೆ ರ‍್ಯಾಗಿಂಗ್ ವಿರುದ್ಧ ಕಾಯ್ದೆಯ ಆಸರೆಯಾದರೂ ಉಂಟು. 2016ರಲ್ಲಿ ಕಲಬುರಗಿಯಲ್ಲಿ ಕೇರಳದ ದಲಿತ ನರ್ಸಿಂಗ್ ವಿದ್ಯಾರ್ಥಿನಿಗೆ ಹಿರಿಯ ವಿದ್ಯಾರ್ಥಿನಿಯರು ಶೌಚಾಲಯ ತೊಳೆಯುವ ದ್ರಾವಣ ಕುಡಿಸಿದ ಆರೋಪ ಬಂದಾಗ ಪೊಲೀಸರು ಆ ಹಿರಿಯರಲ್ಲಿ ಕೆಲವರನ್ನು ಬಂಧಿಸಿದ್ದರು. ಇಂಥ ಹುಡುಗಿಯರೇ ಪದವಿ ಪಡೆದು ವಾರ್ಡಿಗೆ ಕಾಲಿಟ್ಟರೆ ಆ ಆಸರೆ ಇಲ್ಲ. ಕೆಲಸದ ಜಾಗದಲ್ಲಿ ಮಹಿಳೆಯರ ರಕ್ಷಣೆಗೆಂದು ಬಂದ 2013ರ ಕಾಯ್ದೆ ಲೈಂಗಿಕ ಕಿರುಕುಳಕ್ಕಷ್ಟೇ. ದಿನಾ ಅವಮಾನಿಸುವುದಕ್ಕೆ, ಬೇಕೆಂದೇ ಸಾಲು ಸಾಲು ನೈಟ್ ಹಾಕುವುದಕ್ಕೆ, ರಿಲೀವಿಂಗ್ ಲೆಟರ್ ಕೊಡದೆ ಸತಾಯಿಸುವುದಕ್ಕೆ ಅದರಲ್ಲಿ ಉತ್ತರವಿಲ್ಲ.

ಇನ್‌ಚಾರ್ಜ್ ಸಿಸ್ಟರ್ ಕೆಟ್ಟವರೆಂದು ನನಗೆ ಅನ್ನಿಸಲಿಲ್ಲ. ಸಾಮಾನ್ಯ ಆಸ್ಪತ್ರೆಯಲ್ಲಿ 5 ರೋಗಿಗಳಿಗೆ ಒಬ್ಬರಂತೆ ನರ್ಸ್ ಇರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ಆ ರಾತ್ರಿ ತುಂಬಿದ ವಾರ್ಡಿಗೆ ಇದ್ದವಳು ಆ ಹುಡುಗಿಯೊಬ್ಬಳೇ. ಆಳಿಲ್ಲದ ಒತ್ತಡ ಮೇಲಿನಿಂದ ಇಳಿದಿಳಿದು ಕೊನೆಗೆ ಎಳೆಯವಳ ತಲೆಯ ಮೇಲೆ ಬೀಳುತ್ತದೆ.

ಸಂಬಳದ ಕಥೆಯೂ ಬೇರೆಯಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ರಚನೆಯಾದ ಸಮಿತಿ, 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಕೊಡಬೇಕೆಂದಿತು. ಕೇಂದ್ರ ಅದನ್ನು ರಾಜ್ಯಗಳ ಕೈಗೆ ದಾಟಿಸಿತು.

ಕೆಲಸ ಬಿಟ್ಟವರನ್ನು ಕಂಡರೆ ‘ಗಲ್ಫ್ ಆಸೆ’ ಎನ್ನುತ್ತೇವೆ. ಅಮೆರಿಕದ ಮರ್ಲೀನ್ ಕ್ರೇಮರ್ 1974ರಲ್ಲೇ ‘ರಿಯಾಲಿಟಿ ಶಾಕ್’ ಎಂಬ ಪುಸ್ತಕದಲ್ಲಿ ಹೊಸ ನರ್ಸ್‌ಗಳು ವೃತ್ತಿಯನ್ನೇ ತೊರೆಯುವುದೇಕೆಂದು ಹುಡುಕಿದ್ದರು. ಕಲಿತದ್ದಕ್ಕೂ ವಾರ್ಡಿನಲ್ಲಿ ಕಂಡದ್ದಕ್ಕೂ ನಡುವಿನ ಕಂದಕ ಅವರಿಗೆ ಕಂಡಿತ್ತು. ಗಲ್ಫಿನ ದುಡ್ಡಿಲ್ಲದ ಊರಿನಲ್ಲೂ ಹುಡುಗಿಯರು ಬಿಟ್ಟು ಹೋಗುತ್ತಿದ್ದರು.

ಆಸ್ಪತ್ರೆಯಿಂದ ಹೊರಡುವ ಮುನ್ನ ಆ ನೈಟ್ ಡ್ಯೂಟಿ ಹುಡುಗಿಯನ್ನು ಲಿಫ್ಟ್ ಹತ್ತಿರ ಮಾತಾಡಿಸಿದೆ. ‘ಬಯ್ಯಲಿ ಆಂಟಿ, ತಪ್ಪು ನಂದೇ. ಆದ್ರೆ ಈಗ ಡೋಸ್ ಬಗ್ಗೆ ಡೌಟ್ ಬಂದ್ರೂ ಕೇಳೋಕೆ ಭಯ ಆಗುತ್ತೆ’ ಎಂದಳು. ಅಮ್ಮನ ಕೈಗೆ ಇಂಜೆಕ್ಷನ್ ಕೊಡುತ್ತಿದ್ದವಳು ಅವಳೇ. ನನ್ನ ಎದೆ ಝಲ್ಲೆಂದಿತು.

ಆಸ್ಪತ್ರೆಯವರಲ್ಲಿ ನನ್ನದೊಂದೇ ಕೋರಿಕೆ: ಡ್ಯೂಟಿ ಚಾರ್ಟಿನಲ್ಲಿ ಹೊಸಬಳ ಹೆಸರಿನ ಪಕ್ಕ, ಮೊದಲ ಮೂರು ತಿಂಗಳಾದರೂ, ಒಬ್ಬ ಹಿರಿಯ ಸಿಸ್ಟರ್ ಹೆಸರು ಬರೆಯಿರಿ; ನಡುರಾತ್ರಿ ಎರಡು ಗಂಟೆಗೆ ಅವಳು ಹೆದರದೆ ಎಬ್ಬಿಸಿ ಕೇಳಬಹುದಾದ ಹೆಸರು.