ಹ್ಯಾಂಗ ಕೊಟ್ರಿ? ಕಸಂ ದಿಲಂ? ಕೈಸಾ ದಿಯಾ?

ಬೆಳಗಾವಿಯಿಂದ ರೈಲು ಹತ್ತಿದರೆ ದೇಸೂರ, ಇದಲಹೊಂಡ ದಾಟಿ ಖಾನಾಪುರ. ಈ ಸೀಮೆಯ ಸಂತೆಯಲ್ಲಿ ಬಟಾಟಿಯ ದರ ಕೇಳಲು ಮೂರು ದಾರಿ. ಕನ್ನಡದವರು ‘ಹ್ಯಾಂಗ ಕೊಟ್ರಿ?’ ಅನ್ನುತ್ತಾರೆ, ಮರಾಠಿಯವರು ‘ಕಸಂ ದಿಲಂ?’, ಇಲ್ಲಿಯ ಉರ್ದುವಾದ ದಖನಿಯವರು ‘ಕೈಸಾ ದಿಯಾ?’ ಕೊಡುವುದು ಇನ್ನೂ ಮುಂದಿದೆ. ಆದರೂ ಮೂವರೂ ಕೊಟ್ಟಾಗಿದೆ ಎಂಬಂತೆಯೇ ಕೇಳುತ್ತಾರೆ. ಪದ ಅವರವರದು, ಮಾತಿನ ಅಚ್ಚು ಮಾತ್ರ ಒಂದೇ.

ವ್ಯಾಪಾರಿಗಳ ಬೆರಕೆ ನುಡಿ ಎಂದೊಡನೆ ಪಂಡಿತರಿಗೆ ನೆನಪಾಗುವುದು ಮೆಡಿಟರೇನಿಯನ್ ಕಡಲ ದಂಡೆಯ ‘ಲಿಂಗ್ವಾ ಫ್ರಾಂಕಾ’. ಇಟಾಲಿಯನ್, ಸ್ಪ್ಯಾನಿಷ್ ಪದಗಳ ಜೊತೆಗೆ ಅರಬ್ಬಿ ಪದಗಳನ್ನೂ ಕಲಸಿಕೊಂಡು ಬಂದರುಗಳಲ್ಲಿ ಶತಮಾನಗಟ್ಟಲೆ ಬದುಕಿದ ನುಡಿ ಅದು. 1830ರಲ್ಲಿ ಅದಕ್ಕೊಂದು ಪದಕೋಶವೂ ಅಚ್ಚಾಯಿತು. ಬಂದರಿನ ವಹಿವಾಟು ಬದಲಾದಂತೆ ಆ ನುಡಿಯೂ ಅಳಿಯಿತು. ಬೆಳಗಾವಿ ಸೀಮೆಯಲ್ಲಿ ಅಂಥ ಹೊಸ ನುಡಿ ಹುಟ್ಟಲಿಲ್ಲ. ಇಲ್ಲಿಯ ವ್ಯಾಪಾರಿಗಳು ಹಡಗು ಹತ್ತಿ ಹೋಗಿಬಿಡುವವರಲ್ಲ, ಒಂದೇ ಓಣಿಯ ನೆರೆಹೊರೆಯವರು. ಹೀಗಾಗಿ ಇದ್ದ ನುಡಿಗಳೇ ಒಂದರ ಹೆಗಲಿಗೊಂದು ತಾಗಿಕೊಂಡು ಬೆಳೆದವು.

ತಾಗಿಸಿದ್ದು ಹಾದಿಗಳು. ಬಹಮನಿ ಮತ್ತು ವಿಜಯಪುರದ ಆದಿಲ್‌ಶಾಹಿ ಆಳ್ವಿಕೆ ದಖನಿಯನ್ನು ತಂದಿತು. ಪೇಶ್ವೆಯರ ಕಾಲದ ದಫ್ತರಗಳಲ್ಲಿ ಮರಾಠಿ ಇತ್ತು. 1818ರಲ್ಲಿ ಕೋಟೆ ಬ್ರಿಟಿಷರ ವಶವಾಗಿ, ದಂಡಿನ ಜೊತೆ ಹಲವು ಸೀಮೆಯ ಜನ ಬಂದು ಕ್ಯಾಂಪ್ ಬೆಳೆಯಿತು. ವೆಂಗುರ್ಲಾ ಬಂದರಿನ ಸರಕು ಘಟ್ಟ ಹತ್ತಿ ಬರುತ್ತಿತ್ತು. ಗೋವೆಯ ಕಡೆಯಿಂದ ಕೊಂಕಣಿಯ ಜೊತೆ ಪೋರ್ಚುಗೀಸ್ ಪದಗಳೂ ಬಂದವು. ಬಟಾಟಿ, ಕೋಬಿ, ಚಾವಿ, ಪಗಾರ ಎಲ್ಲವೂ ಆ ಮೂಲದವೇ. ಊರೊಳಗಿನ ಹೆಸರುಗಳನ್ನೇ ನೋಡಿ: ಖಡೇಬಜಾರ, ರವಿವಾರ ಪೇಟೆ, ಗಣಪತಿ ಗಲ್ಲಿ, ಕ್ಯಾಂಪ್.

ಲೆಕ್ಕದ ಮಾತಿನಲ್ಲಿ ಈ ಬೆಸುಗೆ ಇನ್ನೂ ಗಟ್ಟಿ. ಕನ್ನಡಕ್ಕೆ ಕಾಲು, ಮುಕ್ಕಾಲು, ಒಂದೂವರೆ ಇದ್ದೇ ಇವೆ. ಆದರೂ ತಕ್ಕಡಿಯ ಮುಂದೆ ಸವ್ವಾ ಕಿಲೋ, ದೀಡ ನೂರು ಎಂಬ ಮಾತು ಸಲೀಸು. ದಲಾಲ, ಬಾಕಿ, ಜಮಾ, ಖರ್ಚು, ವಸೂಲಿ ಯಾವ ಭಾಷೆಯವು ಎಂದು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ.

ಪದ ಸಾಲ ತರುವುದು ಎಲ್ಲ ಕಡೆ ಇದ್ದದ್ದೇ. ಇಲ್ಲಿನ ಸೋಜಿಗ ವಾಕ್ಯದಲ್ಲಿದೆ. ಕನ್ನಡದವನು ‘ಬರತೀನಿ ಅಂತ ಹೇಳಿದ’ ಎಂದರೆ ದಖನಿಯಲ್ಲಿ ಅದು ‘ಆತೂಂ ಬೋಲ್ಕೆ ಬೋಲಾ’. ದಿಲ್ಲಿಯ ಹಿಂದಿಯಲ್ಲಿ ‘ಕಿ’ ಮೊದಲು ಬಂದು, ಆಡಿದ ಮಾತು ಆಮೇಲೆ ಬರುತ್ತದೆ. ದಖನಿಯ ‘ಬೋಲ್ಕೆ’ ಹಾಗಲ್ಲ, ನಮ್ಮ ‘ಅಂತ’ ಕೂರುವ ಜಾಗದಲ್ಲೇ ಕೂರುತ್ತದೆ. ಮರಾಠಿಯ ‘ಮ್ಹಣೂನ’ ಕೂಡ ಹಾಗೆಯೇ.

ಇದೇ ರೈಲುಹಳಿ ಮಿರಜ ಮುಟ್ಟುತ್ತದೆ. ಅಲ್ಲಿಂದ ಸಮೀಪದ ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು ಇದನ್ನೇ ಕಂಡು, 1971ರಲ್ಲಿ ಪ್ರಬಂಧ ಪ್ರಕಟಿಸಿದರು. ಅಲ್ಲಿ ಜೈನರ ಮನೆಮಾತು ಕನ್ನಡ, ಮುಸ್ಲಿಮರದು ಉರ್ದು, ದಲಿತರದು ಮರಾಠಿ. ಊರೊಟ್ಟಿನ ವ್ಯವಹಾರಕ್ಕೆ ಮರಾಠಿ. ದಿನವೂ ನುಡಿಯಿಂದ ನುಡಿಗೆ ದಾಟುವವರ ಬಾಯಲ್ಲಿ ಮೂರರ ವ್ಯಾಕರಣವೂ ಒಂದೇ ಹದಕ್ಕೆ ಬಂದಿತ್ತು. ಪದಕ್ಕೆ ಪದ ಇಟ್ಟರೆ ಸಾಕು, ವಾಕ್ಯ ತಾನಾಗಿ ಅನುವಾದವಾಗುತ್ತಿತ್ತು. ಪದಗಳು ಮಾತ್ರ ಬೇರೆಬೇರೆಯಾಗಿಯೇ ಉಳಿದವು, ಏಕೆಂದರೆ ತಾನು ಯಾವ ಮನೆಯವನು ಎಂದು ಹೇಳುವುದು ಅವೇ.

ದೇಸೂರಿನಂಥ ಊರುಗಳ ಜಾಣತನವೂ ಇದೇ. ಗಿರಾಕಿಯ ಮೊದಲ ಮಾತು ಕಿವಿಗೆ ಬಿದ್ದೊಡನೆ ‘ಅಕ್ಕಾ’ ಅನ್ನಬೇಕೋ ‘ಮಾವಶಿ’ ಅನ್ನಬೇಕೋ ಎಂಬುದು ಕಾಯಿಪಲ್ಲೆಯವಳಿಗೆ ಗೊತ್ತಾಗುತ್ತದೆ. ಕರೆಯುವ ಪದ ಬದಲಿಸಿದರೆ ಆಯಿತು, ಚೌಕಾಶಿಯ ಉಳಿದ ದಾರಿಯೆಲ್ಲ ಆಕೆಗೆ ತವರಿನದೇ.